ಒರತೆ ತೋಡಿದ ಕೈ

ಸುಧಾಳ ಜಾತಕ ಕೈಗೆ ತೆಗೆದುಕೊಂಡವರೆಲ್ಲ ಮೊದಲು ಕನ್ನಡಕ ಸರಿಮಾಡಿಕೊಳ್ಳುತ್ತಿದ್ದರು, ಆಮೇಲೆ ಲೊಚಗುಟ್ಟುತ್ತಿದ್ದರು. ಸರ್ಪದೋಷ. ಹುಡುಗಿ ಲಕ್ಷಣವಾಗಿದ್ದಾಳೆ, ತುಮಕೂರು ಪಕ್ಕದ ಅಂತರಸನಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಪ್ಯಾಕಿಂಗ್ ಸೂಪರ್‌ವೈಸರ್, ಯಾರ ಜೊತೆಗೂ ಒಂದು ಮಾತು ಹೆಚ್ಚಿಲ್ಲ ಕಡಿಮೆಯಿಲ್ಲ; ಎಲ್ಲ ಸರಿ, ಆದರೆ ದೋಷ. ಮೂರು ಗಂಡುಗಳು ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಜಾತಕ ಮಡಚಿಟ್ಟು ಎದ್ದುಹೋಗಿದ್ದವು. ನೋಡ್ತಾ ನೋಡ್ತಾ ಇಪ್ಪತ್ತೊಂಬತ್ತು ದಾಟಿತು. ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯಂಥ ಊರಲ್ಲಿ ಅಷ್ಟು ವಯಸ್ಸಿನ ಮಗಳನ್ನು ಮನೆಯಲ್ಲಿಟ್ಟುಕೊಂಡವನು ಬೀದಿಯಲ್ಲಿ ನಡೆಯುವಾಗ ನೆಲ ನೋಡಿಕೊಂಡೇ ನಡೆಯಬೇಕು. ಅವಳ ಅಪ್ಪ ಅಣ್ಣಯ್ಯಪ್ಪ ವರ್ಷಗಟ್ಟಲೆ ಹಾಗೇ ನಡೆದಿದ್ದ.

ನಾಲ್ಕನೆಯವನು ಗುಬ್ಬಿಯ ಚಂದ್ರು. ಅವನಪ್ಪ ನರಸಿಂಹಯ್ಯನದು ಕೊಬ್ಬರಿ ವ್ಯಾಪಾರ; ಚಂದ್ರು ಸಹಕಾರ ಸಂಘದಲ್ಲಿ ಗುಮಾಸ್ತ. ಹೆಣ್ಣು ನೋಡಿ ಹೋದ ಮೇಲೆ ಅವನೇ ಒಂದು ದಿನ ಬೈಕ್ ಹತ್ತಿ ಫ್ಯಾಕ್ಟರಿಯ ಗೇಟಿನ ಹತ್ತಿರ ಬಂದಿದ್ದ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಕೊಡಿಸಿ, "ದೋಷ ಗೀಷ ಎಲ್ಲ ನಾನು ನಂಬಲ್ಲ ಕಣ್ರೀ. ಅಮ್ಮನ ಸಮಾಧಾನಕ್ಕೆ ಒಂದು ಪೂಜೆ ಆಗ್ಬುಡ್ಲಿ, ಅಷ್ಟೇ" ಎಂದಿದ್ದ. ಅಷ್ಟು ವರ್ಷದಲ್ಲಿ ಅವಳಿಗೆ ಹಾಗೆ ಹೇಳಿದ ಗಂಡಸು ಅವನೊಬ್ಬನೇ. ಸುಧಾ ಆವತ್ತು ಬಸ್ಸಿನಲ್ಲಿ ನಿಂತುಕೊಂಡೇ ಮನೆಗೆ ಬಂದಳು, ಆದರೆ ನಿಂತಿದ್ದೇನೆ ಎನ್ನುವುದು ಅವಳಿಗೆ ಗೊತ್ತಾಗಲಿಲ್ಲ. ಈ ಮದುವೆ ಅವಳಿಗೆ ಬೇಕಾಗಿತ್ತು. ಅಪ್ಪನಿಗೋಸ್ಕರ ಅಲ್ಲ, ಊರಿನ ಬಾಯಿಗೋಸ್ಕರ ಅಲ್ಲ, ತನಗೇ ಬೇಕಾಗಿತ್ತು.

ಅಮ್ಮನ ಸಮಾಧಾನ ಅಂದರೆ ಸಣ್ಣ ಮಾತಲ್ಲ. ಚಂದ್ರುವಿನ ತಾಯಿ ಸಿದ್ದಲಕ್ಷ್ಮಮ್ಮ ಎದೆ ಮುಂದೆ ಮಾಡಿಕೊಂಡು ನಡೆಯುವ ಹೆಂಗಸು. ಸುಬ್ರಹ್ಮಣ್ಯದಲ್ಲಿ ಆಶ್ಲೇಷ ಬಲಿ ಆಗಬೇಕು, ಹೆಣ್ಣಿನ ಕಡೆಯವರೇ ಮಾಡಿಸಬೇಕು, ತಾನು ಕಣ್ಣಾರೆ ನೋಡಬೇಕು. ಆಮೇಲೇ ಹೂ ಮುಡಿಸುವ ಶಾಸ್ತ್ರ. "ಮಾಡ್ಸಿದ್ವಿ ಅಂತ ಫೋನಲ್ಲಿ ಹೇಳ್ಬುಟ್ರೆ ಯಾರು ನಂಬ್ತಾರೆ?" ಎಂದಿದ್ದಳು. ಹೀಗಾಗಿ ಎರಡು ಸಾವಿರದ ಐದನೆಯ ಇಸವಿಯ ಫೆಬ್ರವರಿಯಲ್ಲಿ, ಇನ್ನೂ ಬೀಗರಾಗದ ಬೀಗರು ಒಂದೇ ಟಾಟಾ ಸುಮೋದಲ್ಲಿ ಕೂತು ಘಟ್ಟ ಇಳಿದರು. ಸುಧಾಳ ಅವ್ವ ಪುಟ್ಟತಾಯಮ್ಮ ತುಂಬು ಗಬ್ಬದ ಹಸುವನ್ನು ಬಿಟ್ಟು ಬರಲಾಗದೆ ಊರಲ್ಲೇ ಉಳಿದಳು. ಗಾಡಿ ತುಮಕೂರಿನ ಸದಾಶಿವನಗರದ ತಾರಿಖ್‌ನದು, ಓಡಿಸುವವನೂ ಅವನೇ.

ಬಲಿ ಸಾಂಗವಾಗಿ ನಡೆಯಿತು. ಸಿದ್ದಲಕ್ಷ್ಮಮ್ಮ ಮುಂದಿನ ಸಾಲಿನಲ್ಲಿ ಕೂತು, ಪುರೋಹಿತರು ಎಲ್ಲಿ ಒಂದು ಮಂತ್ರ ಹಾರಿಸಿಬಿಡುತ್ತಾರೋ ಎಂಬಂತೆ ಅವರ ಬಾಯನ್ನೇ ನೋಡುತ್ತಿದ್ದಳು. ಮುಗಿದ ಮೇಲೆ ಮುಖ ಸ್ವಲ್ಪ ಸಡಿಲಾಯಿತು. ಇಷ್ಟು ದೂರ ಬಂದಿದ್ದೇವೆ, ಕೊಲ್ಲೂರಮ್ಮನನ್ನೂ ನೋಡಿಕೊಂಡೇ ಹೋಗೋಣ ಎಂದಳು. ಕುಂದಾಪುರ ದಾಟಿದ ಮೇಲೆ ತೆಂಗಿನ ಮರಗಳ ಸಂದಿಯಲ್ಲಿ ನೀಲಿ ಮಿನುಗಿತು. ಹುಟ್ಟಿದಾರಭ್ಯ ಸಮುದ್ರ ನೋಡದ ಸಿದ್ದಲಕ್ಷ್ಮಮ್ಮ ಸೀಟಿನಿಂದ ಅರ್ಧ ಎದ್ದಳು. "ಏನಪ್ಪಾ ತಾರಿಖು, ಜನ ಇಲ್ದೇ ಇರೋ ಕಡೆ ಎಲ್ಲಾದ್ರೂ ನಿಲ್ಸು. ಸೀರೆ ಎತ್ಕೊಂಡು ನೀರಿಗೆ ಇಳಿಬೇಕು, ನಾಕು ಜನ ನೋಡ್ಕೊಂಡು ನಿಂತಿದ್ರೆ ಚೆಂದಾಗಿರಲ್ಲ."

ತಾರಿಖ್ ಹೆದ್ದಾರಿ ಬಿಟ್ಟು ಮಣ್ಣಿನ ದಾರಿಗೆ ತಿರುಗಿಸಿದ. ದಾರಿಯ ಕೊನೆಯಲ್ಲಿ ಅರಣ್ಯ ಇಲಾಖೆಯ ಹಸಿರು ಬೋರ್ಡು: ಸಂರಕ್ಷಿತ ಪ್ರದೇಶ. ನರಸಿಂಹಯ್ಯ ಅದನ್ನು ಜೋರಾಗಿ ಓದಿ, "ಒಳ್ಳೇದಾಯ್ತು ಬುಡು, ಕಳ್ಳಕಾಕರ ಭಯ ಇಲ್ಲ" ಎಂದ. ಬೋರ್ಡಿನ ಕೆಳಗಿನ ಸಣ್ಣ ಅಕ್ಷರಗಳನ್ನು ಓದುವ ತಾಳ್ಮೆ ಯಾರಿಗಿತ್ತು?

ಸರ್ವೆ ಮರಗಳ ತೋಪು ದಾಟಿದರೆ, ಅದೊಂದು ಬೇರೆಯೇ ಲೋಕ. ಒಂದು ಅಂಗಡಿಯಿಲ್ಲ, ಒಂದು ದೋಣಿಯಿಲ್ಲ, ಒಂದು ಪ್ಲಾಸ್ಟಿಕ್ ಕವರಿಲ್ಲ. ಆ ಕೊನೆಯಿಂದ ಈ ಕೊನೆಯವರೆಗೆ ಜರಡಿ ಹಿಡಿದ ರಾಗಿ ಹಿಟ್ಟಿನಷ್ಟು ನುಣುಪಾದ ಮರಳು, ಅದರ ಮೇಲೆ ಏಡಿಗಳು ಓಡಾಡಿದ ಗೀರು ಬಿಟ್ಟರೆ ಒಂದು ಹೆಜ್ಜೆ ಗುರುತೂ ಇಲ್ಲ. ಚಪ್ಪಲಿ ಬಿಟ್ಟು ಕಾಲಿಡಲು ಸುಧಾಳಿಗೆ ಅಳುಕಾಯಿತು. ಸಾರಿಸಿ ರಂಗೋಲಿ ಬಿಟ್ಟ ಅಂಗಳ ತುಳಿಯುವಾಗ ಆಗುವಂಥ ಅಳುಕು. ಹೊಸ ಮನೆ ಕಟ್ಟಿಸುತ್ತಿದ್ದ ನರಸಿಂಹಯ್ಯನಿಗೆ ಮಾತ್ರ ಬೇರೆಯೇ ಕಂಡಿತು. "ಥೂ, ನಮ್ ಶಿಂಷಾ ಹೊಳೇಲಿ ಒಂದು ಲೋಡ್ ಮರಳಿಗೆ ಒದ್ದಾಡ್ತೀವಿ. ಇಲ್ಲಿ ಕೇಳೋರಿಲ್ದೆ ಬಿದ್ದಯ್ತೆ ನೋಡು" ಎಂದು ಹೊಟ್ಟೆ ಉರಿದುಕೊಂಡ.

"ಉಪ್ಪು ಮರಳು ಯಜಮಾನ್ರೇ, ಗೋಡೆಗೆ ಬರಲ್ಲ" ಎಂದ ತಾರಿಖ್.

ನರಸಿಂಹಯ್ಯ, ಚಂದ್ರು, ತಾರಿಖ್ ಪ್ಯಾಂಟು ಪಂಚೆ ಎತ್ತಿಕೊಂಡು ಅಲೆಗಳ ಕಡೆ ಹೋದರು. ಅಣ್ಣಯ್ಯಪ್ಪ ಕಿರುಬೆರಳು ತೋರಿಸಿ ಸರ್ವೆ ತೋಪಿನ ಕಡೆ ಹೋದ. ಸಿದ್ದಲಕ್ಷ್ಮಮ್ಮನೂ ಸೀರೆ ಎತ್ತಿಕೊಂಡು ಇಳಿದಳು. ಒಂದೇ ಅಲೆಗೆ ಬೆದರಿ, ಒಂದು ಬಾಯಿ ಉಪ್ಪು ನೀರು ಕುಡಿದು, ಉಗುಳುತ್ತಾ ವಾಪಸು ಬಂದಳು. ಗಂಟಲು ಸುಡುತ್ತಿತ್ತು. ಗಾಡಿಯಲ್ಲಿದ್ದ ನೀರನ್ನೆಲ್ಲ ಬೆಳಿಗ್ಗೆ ಅವಳೇ ಕಾಲು ತೊಳೆದುಕೊಳ್ಳಲು ಸುರಿದು ಮುಗಿಸಿದ್ದಳು. ಉಳಿದಿದ್ದು ಸುಧಾಳ ಚೀಲದಲ್ಲಿದ್ದ ಸುಬ್ರಹ್ಮಣ್ಯದ ತೀರ್ಥದ ಬಾಟಲಿ ಒಂದೇ, ಅದನ್ನು ಬಾಯಾರಿಕೆಗೆ ಕುಡಿಯುವುದುಂಟೇ?

"ಇಷ್ಟು ಮರಳಿದೆ, ನೀರಿಲ್ಲ ಅಂದ್ರೆ ಹೆಂಗೆ?" ಎಂದಳು ಸಿದ್ದಲಕ್ಷ್ಮಮ್ಮ. "ಶಿಂಷಾ ಬತ್ತೋದಾಗ ನಮ್ಮೂರೆಲ್ಲ ಒರತೆ ನೀರೇ ಕುಡಿದಿದ್ದು. ಮರಳು ತೋಡಿದ್ರೆ ಎಳನೀರಂಥಾ ನೀರು."

"ಇದು ಸಮುದ್ರ ಅಲ್ವಾ ಅಮ್ಮ, ಉಪ್ಪಿರುತ್ತೇನೋ" ಎಂದಳು ಸುಧಾ.

"ನೀನು ಸುಮ್ಕಿರೆ. ಮೇಲ್ಗಡೆ, ಗಿಡಗಳ ಹತ್ರ ತೋಡಿದ್ರೆ ಸಿಹಿ ಇರುತ್ತೆ. ಅಗೋ, ನೋಡಲ್ಲಿ!"

ನೀರಿನಿಂದ ಬಹಳ ಮೇಲೆ, ಬಳ್ಳಿಗಳು ಹಬ್ಬಿದ್ದ ಅಂಚಿನಲ್ಲಿ, ಮರಳಿನ ಮೇಲೆ ಮುಳ್ಳಿನ ಕೊಂಬೆಗಳನ್ನು ಒತ್ತಾಗಿ ಮುಚ್ಚಿಟ್ಟಿದ್ದರು. ಸಿದ್ದಲಕ್ಷ್ಮಮ್ಮನ ಮುಖ ಅರಳಿತು. ಹೊಳೆ ದಂಡೆಯ ಊರಿನಲ್ಲಿ ಬೆಳೆದವರಿಗೆ ಅದರ ಅರ್ಥ ಬೇರೆ ಹೇಳಬೇಕಾಗಿಲ್ಲ. ಒರತೆ ತೋಡಿಟ್ಟವರು ದನ ತುಳಿಯದಿರಲಿ, ನಾಯಿ ಬಾಯಿ ಹಾಕದಿರಲಿ ಎಂದು ಮೇಲೆ ಮುಳ್ಳು ಮುಚ್ಚಿ ಹೋಗುತ್ತಾರೆ. ಬಾಯಾರಿದವರು ಮುಳ್ಳು ಸರಿಸಿ, ಕುಡಿದು, ಮತ್ತೆ ಮುಚ್ಚಿ ಹೋಗಬೇಕು, ಅದು ಮರ್ಯಾದೆ. ಶಿಂಷಾದ ಮರಳಲ್ಲಿ ಈ ಲೆಕ್ಕ ಒಂದು ಸಲವೂ ತಪ್ಪಿದ್ದಿಲ್ಲ.

ಸುಧಾಳೂ ಬಗ್ಗಿ ಒಂದು ಕೊಂಬೆಗೆ ಕೈಯಿಟ್ಟಳು. ಸಿದ್ದಲಕ್ಷ್ಮಮ್ಮ ಥಟ್ಟನೆ ಅವಳ ಮುಂಗೈ ತಳ್ಳಿದಳು. "ನೀನು ಮುಟ್ಬೇಡ. ಒರತೆ ತೋಡೋಕೆ ಕೈಗುಣ ಬೇಕು ಕಣೆ. ನಿನ್ನ ಕೈ ತಾಕಿದ್ರೆ ಬರೋ ನೀರೂ ಓಡೋಗುತ್ತೆ."

ಮೂವರು ಗಂಡುಗಳು ಎದ್ದುಹೋದದ್ದಕ್ಕಿಂತ ಆ ತಳ್ಳು ಜಾಸ್ತಿ ಚುಚ್ಚಿತು. ಬಲಿ ಕೊಟ್ಟಾಯಿತು, ದೋಷ ಹೋಯಿತು ಎಂದು ಇವಳೇ ನಿನ್ನೆ ಪ್ರಸಾದ ತಿಂದಿದ್ದಳಲ್ಲ? ಸುಧಾ ಕೈ ಹಿಂದಕ್ಕೆ ತೆಗೆದುಕೊಂಡು ಕೂತಳು. ಮದುವೆ ಬೇಕಾದವರು ಇಂಥವನ್ನೆಲ್ಲ ನುಂಗಿಕೊಳ್ಳುತ್ತಾರೆ, ತಾನೂ ನುಂಗಿದರಾಯಿತು ಎಂದುಕೊಂಡಳು.

ಸಿದ್ದಲಕ್ಷ್ಮಮ್ಮ ಮುಳ್ಳು ಸರಿಸಿ, ಬಳೆಗಳನ್ನು ಮೇಲಕ್ಕೇರಿಸಿಕೊಂಡು ತೋಡತೊಡಗಿದಳು. ಬಲ್ಲವಳ ಕೈ, ಬೇಗ ಬೇಗ ನಡೆಯಿತು. ಮೇಲಿನ ಮರಳು ಬಿಸಿ, ಅದರಡಿಯದು ತಣ್ಣಗೆ, ಅದರಡಿಯದು ಒದ್ದೆ. "ಬಂತು, ಪಸೆ ಬಂತು!" ಎಂದು ನಕ್ಕಳು. ಮೊಳಕೈವರೆಗೆ ತೋಳು ಇಳಿಸಿ, ತಳವನ್ನು ಬಲವಾಗಿ ಒಮ್ಮೆ ಬಾಚಿದಳು.

ನಗು ಅಲ್ಲೇ ನಿಂತಿತು. ಕೈ ಎತ್ತಿದಾಗ ಬೆರಳುಗಳಿಂದ ಹಳದಿ ಲೋಳೆ ಇಳಿಯುತ್ತಿತ್ತು. ಅಂಗೈಯಲ್ಲಿ ಬೆಳ್ಳಗಿನ, ಗುಂಡಗಿನ ಒಂದು ಮೊಟ್ಟೆ. ಪಕ್ಕದಲ್ಲಿ ಒಡೆದ ಇನ್ನೊಂದರ ಸುಕ್ಕು ಚರ್ಮ. ಇಬ್ಬರೂ ಗುಂಡಿಯೊಳಗೆ ಬಗ್ಗಿ ನೋಡಿದರು. ತಳದ ತುಂಬ ಮೊಟ್ಟೆಗಳು, ಒಂದರ ಮೇಲೊಂದು, ಹಲವು ಒಡೆದು ಲೋಳೆಯಾಗಿದ್ದವು.

ಕೋಳಿ ಮೊಟ್ಟೆಯಾದರೆ ಗಟ್ಟಿ ಚಿಪ್ಪಿರುತ್ತದೆ. ಇದನ್ನು ಒತ್ತಿದರೆ ತಗ್ಗು ಬೀಳುತ್ತಿತ್ತು. ತೋಟದ ಬದಿಯಲ್ಲಿ, ಗರಿ ರಾಶಿಯಡಿ, ನೆಲದೊಳಗೆ ಸಿಗುವ ಮೆತ್ತನೆಯ ಬಿಳಿ ಮೊಟ್ಟೆ ಯಾರದು ಎನ್ನುವುದು ತೆಂಗಿನ ಸೀಮೆಯಲ್ಲಿ ಮೂರು ವರ್ಷದ ಮಗುವಿಗೂ ಗೊತ್ತು.

"ನಾಗಪ್ಪ..." ಎಂದಳು ಸಿದ್ದಲಕ್ಷ್ಮಮ್ಮ.

ಸುಧಾ ಬೆಚ್ಚಿ ಹಿಂದಕ್ಕೆ ಸರಿದಳು. ನಾಗನ ಮೊಟ್ಟೆ ಒಡೆದರೆ ವಂಶ ಉಳಿಯುವುದಿಲ್ಲ ಎನ್ನುತ್ತಾರೆ. ಬಲಿ ಕೊಟ್ಟ ಹೂವು ಇನ್ನೂ ಬಾಡಿಲ್ಲ, ಅಷ್ಟರಲ್ಲೇ ಒಂದು ಸಂಸಾರದ ಸಂತಾನವನ್ನೇ ಅಂಗೈಯಲ್ಲಿ ಹಿಸುಕಿದ್ದಾಯಿತು! ಅದೂ ಯಾರ ಅಂಗೈ? ನಾಗನಿಗೆ ಹೆದರಿ ನಾಲ್ಕು ಜಿಲ್ಲೆ ದಾಟಿಸಿ ತಮ್ಮನ್ನೆಲ್ಲ ಕರೆತಂದವಳ ಅಂಗೈ. ಸಿದ್ದಲಕ್ಷ್ಮಮ್ಮ ಆ ಕೈಯನ್ನು ಬೇರೆ ಯಾರದೋ ಎಂಬಂತೆ ದೂರ ಹಿಡಿದಿದ್ದಳು.

"ಸುಧಾ... ಯಾರಿಗೂ ಹೇಳ್ಬೇಡ ಕಣವ್ವ. ನಿನ್ ಕಾಲಿಗೆ ಬೀಳ್ತೀನಿ. ಚಂದ್ರು ನನಗೆ ಒಬ್ನೇ ಮಗ. ಅವರಪ್ಪಂಗೆ ಗೊತ್ತಾದ್ರೆ ನನ್ನ ಹೊಸ್ತಿಲು ತುಳ್ಯಕ್ಕೆ ಬುಡಲ್ಲ."

ಕಣವ್ವ ಎಂದಳು! ಇಷ್ಟು ದಿನ 'ಏನೇ', 'ಇವಳೇ' ಬಿಟ್ಟರೆ ಇನ್ನೊಂದು ಮಾತಿರಲಿಲ್ಲ. ಸುಧಾಳಿಗೆ ತನ್ನ ಹೆದರಿಕೆ ಮರೆತುಹೋಗಿ ಕರುಳು ಚುರುಕ್ಕೆಂದಿತು. ಚೀಲದಿಂದ ತೀರ್ಥದ ಬಾಟಲಿ ತೆಗೆದು, ಆ ಕೈಯನ್ನು ತನ್ನ ಕೈಯಲ್ಲಿ ಹಿಡಿದು, ಒಂದೊಂದೇ ಬೆರಳು ಉಜ್ಜಿ ತೊಳೆದಳು. ತನ್ನ ಸೆರಗಿನಿಂದಲೇ ಒರೆಸಿದಳು. "ಏನೂ ಆಗಲ್ಲ ಬನ್ನಿ ಅತ್ತೆ. ತೀರ್ಥದಲ್ಲೇ ತೊಳೆದಿದೀವಿ. ಗೊತ್ತಿಲ್ದೆ ಆಗಿದ್ದು" ಎಂದಳು. ಅತ್ತೆ ಎಂದು ಅವಳೂ ಕರೆದದ್ದು ಅದೇ ಮೊದಲು.

ಇಬ್ಬರೂ ಸೇರಿ ಮರಳು ತಳ್ಳಿ ಗುಂಡಿ ಮುಚ್ಚಿದರು, ಮುಳ್ಳು ಎಳೆದು ಹಾಕಿದರು. "ಇವತ್ತಿಂದ ನೀನು ಸೊಸೆ ಅಲ್ಲ ಕಣೆ, ನನ್ ಹೊಟ್ಟೇಲಿ ಹುಟ್ಟಿದ ಮಗಳು" ಎಂದು ಸಿದ್ದಲಕ್ಷ್ಮಮ್ಮ ಅವಳ ಗಲ್ಲ ಹಿಡಿದು ಅತ್ತಳು. ನಾಚಿಕೆಗೇಡು ಎನಿಸಿದರೂ ಸುಧಾಳಿಗೆ ಆ ಗಳಿಗೆಯಲ್ಲಿ ಒಳಗೊಳಗೇ ಸಂತೋಷವಾಯಿತು. ಅತ್ತೆಯ ಗುಟ್ಟು ಕಾಯುವ ಸೊಸೆಗೆ ಆ ಮನೆಯಲ್ಲಿ ಯಾವ ತೊಂದರೆಯೂ ಇರುವುದಿಲ್ಲ ಎಂದು ಅವಳು ಲೆಕ್ಕ ಹಾಕಿದಳು. ಪಾಪ, ಲೆಕ್ಕ ಹಾಕಿದ್ದೇನೋ ಹಾಕಿದಳು.

ಅಷ್ಟರಲ್ಲಿ ದಡದ ಆ ಕೊನೆಯಿಂದ ಖಾಕಿ ಅಂಗಿಯ ಒಬ್ಬ ಬಂದ. ಅರಣ್ಯ ಇಲಾಖೆಯ ಕಾವಲುಗಾರ. ಹೆಗಲ ಮೇಲೆ ಸುತ್ತಿದ ಬಲೆ, ಕೈಯಲ್ಲಿ ನಾಲ್ಕು ಗೂಟ. ಮುಳ್ಳಿನ ಹತ್ತಿರ ಬಂದವನೇ ಗೂಟಗಳನ್ನು ಬಿಸಾಕಿ ಮಂಡಿಯೂರಿದ. ಮೇಲಿನ ಒಣ ಮರಳಿನ ಜೊತೆ ಒದ್ದೆ ಮರಳು ಕಲಸಿಹೋಗಿತ್ತು, ಅಲ್ಲಲ್ಲಿ ಹಳದಿ ಅಂಟಿತ್ತು. ಮುಚ್ಚಿದ್ದನ್ನೆಲ್ಲ ಅವನು ಎರಡೂ ಕೈಯಿಂದ ಮೆಲ್ಲಗೆ ತೆಗೆದು ನೋಡಿ ಕೂಗಿದ. "ಎಂಥ ಮಾಡಿದ್ರಿ ಮಾರಾಯ್ರೆ! ಯಾರು ತೋಡಿದ್ದು ಇಲ್ಲಿ? ಮೊಟ್ಟೆ ಎಲ್ಲ ಒಡೆದು ಹಾಕಿದ್ದೀರಲ್ಲ!"

ಕೂಗು ಕೇಳಿ ನೀರಿನಲ್ಲಿದ್ದವರು ಓಡಿಬಂದರು. ಅಣ್ಣಯ್ಯಪ್ಪನೂ ಸರ್ವೆ ತೋಪಿನ ಕಡೆಯಿಂದ ಬಂದು ಒಂದು ಪಕ್ಕಕ್ಕೆ ನಿಂತ. ನರಸಿಂಹಯ್ಯ ಗುಂಡಿಯೊಳಗೆ ಇಣುಕಿದ. ಒಂದು ಮೊಟ್ಟೆಯನ್ನು ಬೆರಳಿಂದ ಒತ್ತಿದ. ತಗ್ಗು ಬಿತ್ತು. ಬೆಂಕಿ ಮುಟ್ಟಿದವನಂತೆ ಕೈ ಎಳೆದುಕೊಂಡ.

"ಯಾರು? ಯಾರು ಕೈ ಹಾಕಿದ್ದು ಇದಕ್ಕೆ?"

ಸುಧಾ ಅತ್ತೆಯ ಮುಖ ನೋಡಿದಳು. ಗುಟ್ಟು ತನ್ನ ಕಡೆಯಿಂದ ಹೊರಬೀಳುವುದಿಲ್ಲ, ಯಾರೋ ಮೊದಲೇ ತೋಡಿದ್ದರು ಎಂದರೆ ಮುಗಿಯಿತು ಎಂದು ಕಣ್ಣಲ್ಲೇ ಧೈರ್ಯ ಹೇಳಿದಳು.

ಸಿದ್ದಲಕ್ಷ್ಮಮ್ಮ ತೋಳು ಚಾಚಿ, ತೋರುಬೆರಳನ್ನು ನೇರ ಸುಧಾಳ ಎದೆಗೆ ಗುರಿಯಿಟ್ಟಳು. ಈಗಷ್ಟೇ ತೀರ್ಥದಲ್ಲಿ ತೊಳೆದ ಬೆರಳು.

"ಇವಳೇ. ಬೇಡ ಕಣೆ, ಬೇಡ ಕಣೆ ಅಂತ ಬಡ್ಕೊಂಡೆ. ನೀರು ತೆಗೀತೀನಿ ಅಂತ ಕೈ ಹಾಕೇಬುಟ್ಲು. ಸೆರಗು ನೋಡಿ ಬೇಕಾದ್ರೆ."

ಎಲ್ಲರೂ ಸೆರಗು ನೋಡಿದರು. ಒರೆಸಿದ ಹಳದಿ ಅಲ್ಲೇ ಇತ್ತು. ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸಿತು ಎಂದು ನಾವು ಎಷ್ಟು ಸಲ ಹೇಳಿ ನಗುವುದಿಲ್ಲ? ಮೇಕೆಗೆ ಆಗ ಹೇಗಾಗಿರುತ್ತದೆ ಎಂದು ಯಾರೂ ಕೇಳಿರುವುದಿಲ್ಲ. ಸುಧಾಳಿಗೆ ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ. ಕಿವಿಯೊಳಗೆ ಒಂದೇ ಸಮನೆ ಮೊರೆತ. ಅದು ಸಮುದ್ರದ್ದೋ ತನ್ನ ತಲೆಯದೋ ತಿಳಿಯಲಿಲ್ಲ. ಮನುಷ್ಯರು ಹೀಗೂ ಮಾಡುತ್ತಾರೆಯೇ? ಕೈ ಇನ್ನೂ ಒದ್ದೆಯಿರುವಾಗಲೇ?

"ನೋಡಿದ್ರಾ ಅಣ್ಣಯ್ಯಪ್ಪ?" ಎಂದು ನರಸಿಂಹಯ್ಯ ಇವನ ಕಡೆ ತಿರುಗಿದ. "ಬಲಿ ಕೊಟ್ಟ ಕೈಯಾಗೇ ಮೊಟ್ಟೆ ಒಡೆದವ್ಳೆ ನಿಮ್ ಮಗಳು. ಇಂಥಾದ್ದನ್ನ ಮನೆ ತುಂಬಿಸ್ಕೊಂಡ್ರೆ ನನ್ ವಂಶ ಉಳಿಯುತ್ತಾ? ಈ ಸಂಬಂಧ ಇಲ್ಲಿಗೆ ಮುಗೀತು. ಚಂದ್ರು, ನಡಿಯೋ."

ಸುಧಾ ಚಂದ್ರುವನ್ನು ನೋಡಿದಳು. ದೋಷ ಗೀಷ ನಂಬದವನು ಎರಡು ಹೆಜ್ಜೆ ಹಿಂದೆ ಸರಿದು, ಪ್ಯಾಂಟಿನ ತುದಿಗೆ ಅಂಟಿದ ಮರಳು ಕೊಡವುತ್ತಿದ್ದ.

ಅಷ್ಟರಲ್ಲಿ ಅಣ್ಣಯ್ಯಪ್ಪ ಹೆಗಲ ಟವೆಲ್ ಕೈಗೆ ತೆಗೆದುಕೊಂಡು, ಮರಳಿನ ಮೇಲೆ ಉದ್ದಕ್ಕೆ ಬಿದ್ದ. ಸಿದ್ದಲಕ್ಷ್ಮಮ್ಮನ ಪಾದಗಳನ್ನು ಹಿಡಿದುಕೊಂಡ. "ತಪ್ಪಾಗೋಯ್ತು ತಾಯಿ. ತಿಳೀದೆ ಮಾಡವ್ಳೆ. ಇನ್ನೊಂದು ಬಲಿ ಮಾಡ್ಸನ, ಇನ್ನತ್ತು ಮಾಡ್ಸನ. ಕೈ ಬುಡ್ಬೇಡಿ."

ಸಿದ್ದಲಕ್ಷ್ಮಮ್ಮ ಕಾಲು ಹಿಂದೆ ತೆಗೆದುಕೊಳ್ಳಲಿಲ್ಲ. ಸುಧಾ ಓಡಿಹೋಗಿ ಅಪ್ಪನ ಭುಜ ಹಿಡಿದು ಎಬ್ಬಿಸಲು ಬಗ್ಗಿದಳು. "ಅಪ್ಪ, ಏಳು. ನಾನು ಅಗೀಲಿಲ್ಲಪ್ಪ. ನನ್ನಾಣೆ ನಾನಲ್ಲ" ಎಂದು ಅವನ ಕಿವಿಯ ಹತ್ತಿರ ಹೇಳಿದಳು.

ಅಣ್ಣಯ್ಯಪ್ಪ ತಲೆ ಎತ್ತದೆ, ಬೇರೆ ಯಾರಿಗೂ ಕೇಳದ ಹಾಗೆ ಪಿಸುಗುಟ್ಟಿದ. "ಗೊತ್ತು ಕಣವ್ವ. ಸರ್ವೆ ಮರದ ತಾವಿಂದ ಎಲ್ಲಾ ನೋಡ್ದೆ. ಸುಮ್ಕಿರು. ಇದೂ ತಪ್ಪೋದ್ರೆ ಇನ್ಯಾರು ಬತ್ತಾರೆ?"

ಅಪ್ಪನ ಭುಜದ ಮೇಲಿದ್ದ ಸುಧಾಳ ಕೈ ತಾನಾಗಿ ಕೆಳಗೆ ಬಿತ್ತು. ಮೊಟ್ಟೆ ನೋಡಿದಾಗ ಬೆಚ್ಚಿದ್ದಳು. ಬೆರಳು ತನ್ನ ಕಡೆ ತಿರುಗಿದಾಗ ಭೂಮಿ ಬಾಯಿ ಬಿಟ್ಟ ಹಾಗಾಗಿತ್ತು. ಈಗ ಆದದ್ದಕ್ಕೆ ಅವಳಲ್ಲಿ ಹೆಸರೇ ಇರಲಿಲ್ಲ. ಅತ್ತೆಯಾಗುವವಳು ಪರರ ಮನೆಯವಳು, ಹೆದರಿ ಸುಳ್ಳು ಹೇಳಿದಳು ಎನ್ನೋಣ. ಇವನು ಅಪ್ಪ. ಜ್ವರ ಬಂದರೆ ಹೊತ್ತುಕೊಂಡು ಕುಣಿಗಲ್ ಆಸ್ಪತ್ರೆಗೆ ಓಡಿದ್ದವನು, ಶಾಲೆಯಲ್ಲಿ ಮೇಷ್ಟರು ಸುಮ್ಮನೆ ಹೊಡೆದರು ಎಂದು ಹೋಗಿ ಜಗಳ ಕಾದಿದ್ದವನು.

ಕಾವಲುಗಾರ ಇವರ ಗಲಾಟೆ ಲೆಕ್ಕಕ್ಕಿಲ್ಲದವನಂತೆ ಉಳಿದ ಮೊಟ್ಟೆಗಳ ಮೇಲಿನ ಲೋಳೆ ಒರೆಸುತ್ತಿದ್ದ. ಈಗ ರೇಗಿ ತಲೆ ಎತ್ತಿದ. "ಎಂಥ ಬಲಿ, ಎಂಥ ನಾಗ? ಇದು ಕಡಲಾಮೆದ್ದು ಮಾರಾಯ್ರೆ. ನಾಯಿ ಬರಬಾರ್ದು ಅಂತ ನಿನ್ನೆ ಮುಳ್ಳು ಹಾಕಿ, ಬಲೆ ತರ್ಲಿಕ್ಕೆ ಹೋಗಿದ್ದೆ. ಅಷ್ಟರಲ್ಲಿ ನೀವು ಬಂದ್ರಿ. ಕೇಸ್ ಆಗ್ತದೆ ಗೊತ್ತುಂಟಾ?"

"ಆಮೆದಾ?" ಎಂದ ನರಸಿಂಹಯ್ಯ.

"ಆಮೆದೇ."

ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸಂತೆ. ಸಿದ್ದಲಕ್ಷ್ಮಮ್ಮನ ಮುಖಕ್ಕೆ ಆ ಸಾವಿರ ವರ್ಷವೂ ಒಟ್ಟಿಗೆ ಬಂದ ಹಾಗೆ ಕಳೆ ಏರಿತು. ಕೈ ಜೋಡಿಸಿ, "ಆಮೆ! ಸಾಕ್ಷಾತ್ ಕೂರ್ಮಾವತಾರ! ಅಪ್ಪಾ ಮಹಾವಿಷ್ಣು!" ಎಂದು ಕಣ್ಣಿಗೊತ್ತಿಕೊಂಡಳು. ನರಸಿಂಹಯ್ಯ ಕಾವಲುಗಾರನಿಗೆ ಕೇಸು ಗೀಸು ಬೇಡವೆಂದು ಸಮಾಧಾನ ಹೇಳತೊಡಗಿದ. ತಾರಿಖ್ ಕೂಡ ಕೈ ಮುಗಿದ: "ಘಟ್ಟದ ಮೇಲಿನೋರು ಸಾರ್, ಸಮುದ್ರ ಗೊತ್ತಿಲ್ಲ, ನೀರು ಸಿಗುತ್ತೆ ಅಂತ ಅಗೆದಿದಾರೆ." ಕಾವಲುಗಾರ ಇನ್ನಷ್ಟು ಬೈದು, ಸಾಹೇಬರು ಬರುವ ಮೊದಲು ಹೊರಟುಹೋಗಿ ಎಂದು ಗೂಟ ನೆಡಲು ಶುರುಮಾಡಿದ.

ನರಸಿಂಹಯ್ಯ ಅಣ್ಣಯ್ಯಪ್ಪನನ್ನು ರಟ್ಟೆ ಹಿಡಿದು ಎಬ್ಬಿಸಿದ. "ಏಳಿ ಬೀಗರೇ. ಆಮೆಗೆ ಯಾವ ದೋಷಾನೂ ಇಲ್ಲ. ಬರೋ ವಾರಾನೇ ಹೂ ಮುಡಿಸ್ಬುಡನ." ಅಣ್ಣಯ್ಯಪ್ಪನ ಮುಖಕ್ಕೆಲ್ಲ ಮರಳು ಮೆತ್ತಿತ್ತು, ಅದರಲ್ಲೇ ನಕ್ಕ. ಸಿದ್ದಲಕ್ಷ್ಮಮ್ಮ ದೊಡ್ಡ ಮನಸ್ಸು ಮಾಡಿ ಸುಧಾಳ ಹತ್ತಿರ ಬಂದು, ತಲೆ ನೇವರಿಸಿದಳು. "ಹೋಗ್ಲಿ ಬುಡಿ, ಹುಡುಗಿ ತಿಳೀದೆ ಮಾಡೈತೆ. ನಾನು ಕ್ಷಮಿಸ್ಬುಟ್ಟಿದೀನಿ."

ಕ್ಷಮಿಸಿದಳಂತೆ!

ಎಲ್ಲರೂ ಸುಧಾಳ ಮುಖ ನೋಡುತ್ತಿದ್ದರು. ಒಮ್ಮೆ ತಲೆ ಬಗ್ಗಿಸಿದರೆ ಸಾಕಿತ್ತು. ಹತ್ತು ವರ್ಷದಿಂದ ಕಾದಿದ್ದು ಕಾಲ ಬುಡಕ್ಕೇ ಬಂದು ಬಿದ್ದಿತ್ತು. ಅವಳು ತಲೆಯ ಮೇಲಿದ್ದ ಆ ಕೈಯನ್ನು ಹಿಡಿದು ಕೆಳಗಿಳಿಸಿದಳು.

"ಅಗೆದಿದ್ದು ನೀವು. ನನಗೆ ಮುಟ್ಬೇಡ ಅಂದ್ರಿ. ಮೊಟ್ಟೆ ಒಡೆದ ಮೇಲೆ ನಿಮ್ಮ ಕೈ ತೊ‍ಳೆದಿದ್ದು ಮಾತ್ರ ನಾನು."

"ಅಯ್ಯೋ, ನೋಡ್ರೀ ಇವಳ ಬಾಯಿ!" ಎಂದಳು ಸಿದ್ದಲಕ್ಷ್ಮಮ್ಮ. "ಬೀಗರೇ, ಕೇಳಿಸ್ಕೊಂಡ್ರಾ?"

"ಅಪ್ಪನ್ನೇ ಕೇಳಿ. ಅಪ್ಪ ಎಲ್ಲಾ ನೋಡವ್ನೆ" ಎಂದಳು ಸುಧಾ. "ಹೇಳಪ್ಪ. ಈಗ ನನ್ನ ಕಿವೀಲಿ ಹೇಳಿದ್ದನ್ನೇ ಜೋರಾಗಿ ಹೇಳು."

ಅಣ್ಣಯ್ಯಪ್ಪ ಮಗಳನ್ನು ನೋಡಿದ, ನರಸಿಂಹಯ್ಯನನ್ನು ನೋಡಿದ. ಟವೆಲಿನಿಂದ ಬಾಯಿ ಒರೆಸಿಕೊಂಡ. ಹೇಳುತ್ತಾನೆ ಎಂದು ಸುಧಾಳಿಗೆ ಅನಿಸಿತು. ಒಂದು ಗಳಿಗೆ ಅವನ ತುಟಿ ಹಾಗೆಯೇ ಅಲುಗಿತ್ತು.

"ನಾನೇನು ನೋಡ್ಲಿಲ್ಲ ಯಜಮಾನ್ರೇ. ಆ ಕಡೆ ಹೋಗಿದ್ದೆ" ಎಂದ.

ಚಂದ್ರು ಆಗ ಬಾಯಿಬಿಟ್ಟ. "ಹೋಗ್ಲಿ ಬಿಡ್ರೀ ಸುಧಾ. ಯಾರು ಅಗೆದ್ರೆ ಏನೀಗ? ಎಲ್ಲಾ ಸರಿಹೋಯ್ತಲ್ಲ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ."

ಅವನ ಮಾತು ಅವಳಿಗೆ ಕೇಳಿಸಿತೋ ಇಲ್ಲವೋ. ಅವಳು ನೋಡುತ್ತಿದ್ದದ್ದು ಅಪ್ಪನನ್ನು ಮಾತ್ರ. ಅವನ ಹುಬ್ಬಿಗೆ ಅಂಟಿದ್ದ ಮರಳನ್ನು ಬೇರೆ ದಿನವಾಗಿದ್ದರೆ ಅವಳೇ ಒರೆಸುತ್ತಿದ್ದಳು.

"ಸರಿ ಅಪ್ಪ" ಎಂದಳು. "ಹಂಗಾದ್ರೆ ಗುಬ್ಬಿಗೆ ನೀನೇ ಹೋಗಿ ಬಾಳು."

ಚೀಲ ಹೆಗಲಿಗೇರಿಸಿ ಸರ್ವೆ ತೋಪಿನ ಕಡೆ ನಡೆದಳು. ಹಿಂದೆ ನರಸಿಂಹಯ್ಯ ಏನೋ ಕೂಗಾಡುತ್ತಿದ್ದ, ಸಿದ್ದಲಕ್ಷ್ಮಮ್ಮ ಅದಕ್ಕೆ ದನಿಗೂಡಿಸುತ್ತಿದ್ದಳು. "ಸುಧಕ್ಕ, ನಿಲ್ರೀ, ರೋಡಿನವರೆಗೂ ಬಿಡ್ತೀನಿ" ಎಂದು ತಾರಿಖ್ ಕರೆದ. ಅವಳು ಕಾದದ್ದು ಆ ದನಿಗಲ್ಲ. ತೋಪಿನ ಅಂಚಿನಲ್ಲಿ ಒಮ್ಮೆ ನಿಂತು ಕಿವಿಗೊಟ್ಟಳು. ಅಪ್ಪ ಕರೆಯಲಿಲ್ಲ. ಅವನು ಬೀಗರನ್ನು ಸಮಾಧಾನ ಮಾಡುತ್ತಿದ್ದ.

ಹೆದ್ದಾರಿಯಲ್ಲಿ ಕೈ ಅಡ್ಡ ಹಿಡಿದ ಮೊದಲ ಬಸ್ಸೇ ನಿಂತಿತು. ತುಮಕೂರಿಗೆ ನೇರ ಹೋಗುವುದಿಲ್ಲ, ಎರಡು ಕಡೆ ಬದಲಾಯಿಸಬೇಕು ಎಂದ ಕಂಡಕ್ಟರ್. ಆಗಲಿ ಎಂದು ಹತ್ತಿ ಕೂತಳು.